ಮೂರನೆಯ ಹೆಸರು

ಮಾರ್ಚ್ ೩

ಮಗಳೇ,

ಹಾಗೆ ಕರೆಯೋ ಹಕ್ಕು ನನಗಿದೆಯೋ ಇಲ್ಲವೋ ಅಂತ ಪೆನ್ನು ಹಿಡಿದು ಅರ್ಧ ಗಂಟೆ ಕೂತೆ. ಹಕ್ಕಿಗೆ ಅರ್ಜಿ ಹಾಕಿ ಕಾಯೋಳಲ್ಲ ನಾನು, ಅದು ನಿನಗೆ ಗೊತ್ತು. ಕರೆದಿದ್ದೀನಿ. ಬೇಡ ಅನ್ನಿಸಿದರೆ ಆ ಒಂದು ಪದ ಹೊಡೆದುಹಾಕಿ ಮುಂದೆ ಓದು.

ವಿಳಾಸ ಕೊಟ್ಟವಳು ನಿನ್ನ ಚಿಕ್ಕಮ್ಮ. ಹದಿನಾಲ್ಕು ವರ್ಷದಿಂದ ಅವಳ ಹತ್ತಿರ ಇತ್ತಂತೆ. ಎರಡು ಕೋಣೆ, ಒಂದೇ ಒಲೆ ಹಂಚಿಕೊಂಡು ಬದುಕ್ತಿರೋ ನನ್ನ ಒಡಹುಟ್ಟಿದವಳು ನನ್ನಿಂದಲೇ ಮುಚ್ಚಿಟ್ಟಿದ್ದಳು. "ಯಾಕೆ ಹೇಳಲಿಲ್ಲ?" ಅಂದರೆ "ನೀನು ಕೇಳಿದ್ಯಾ?" ಅಂತಾಳೆ. ಕೇಳಿರಲಿಲ್ಲ.

ವಿಷಯಕ್ಕೆ ಬರ್ತೀನಿ. ನಮ್ಮ ಲಾಂಡ್ರಿಯ ಎಪ್ಪತ್ತೊಂದು ದಿನದ ಮುಷ್ಕರದ ಮೇಲೆ ಸಂಘದವರು ಪುಸ್ತಕ ತರ್ತಿದ್ದಾರೆ. ಈಗಿನ ಕಾರ್ಯದರ್ಶಿ ಓದಿದ ಹೆಣ್ಣು, ಚುರುಕು, ಮಾತಿಗೆ ಮೊದಲು ಗಡಿಯಾರ ನೋಡ್ತಾಳೆ. ಹೊಸದಾಗಿ ಸೇರಿದವರು ಕೈ ಸಿಗದ ಹಾಗೆ ಇಸ್ತ್ರಿ ರೋಲರಿನ ಮುಂದಿರೋ ಕಬ್ಬಿಣದ ತಡೆ ಯಂತ್ರದ ಜೊತೆಗೇ ಹುಟ್ಟಿಬಂತು ಅಂತ ತಿಳಿದಿದ್ದಾರಂತೆ. ನಿನ್ನ ಚಿಕ್ಕಮ್ಮನ ಮೂರು ಬೆರಳು ಹಾಸಿನ ಜೊತೆ ರೋಲರಿನೊಳಗೆ ಹೋದವು ಅನ್ನೋದು ಅವರಿಗೆ ಗೊತ್ತಿಲ್ಲ. ಆಸ್ಪತ್ರೆ ಬಟ್ಟೆ ಒಗೆದು ಮಡಿಸೋ ಇನ್ನೂರು ಜನ ಬೀದಿಗೆ ಇಳಿದ ಮೇಲೇ ಮಾಲೀಕ ಆ ತಡೆ ಹಾಕಿಸಿದ ಅನ್ನೋದೂ ಗೊತ್ತಿಲ್ಲ. ಬಿಟ್ಟಿ ಸಿಕ್ಕಿದ್ದನ್ನು ಬಿಟ್ಟಿಯಾಗೇ ಕಳಕೊಳ್ತಾರೆ. ಅದಕ್ಕೇ ಪುಸ್ತಕ.

ಆ ಪುಸ್ತಕದ ಕೊನೆಗೆ ಮುಷ್ಕರ ಮುರಿದು ಒಳಗೆ ಹೋದವರ ಪಟ್ಟಿ ಹಾಕ್ತಾರಂತೆ. ಏಳು ಹೆಸರು. ಮೂರನೆಯದು ನಿನ್ನದು. ಪಟ್ಟಿ ನನ್ನ ಕೈಬರಹ, ನನ್ನ ಟ್ರಂಕಿನಲ್ಲಿದೆ. ಕೊಡಿ ಅಂತ ಕಾರ್ಯದರ್ಶಿ ಮೂರು ಸಲ ಬಂದು ಹೋದಳು.

ಬಗ್ಗೋದಕ್ಕೆ ಬರೀತಿಲ್ಲ. ಆವತ್ತು ಮಾಡಿದ್ದು ಸರಿ ಅಂತ ಈವತ್ತೂ ಹೇಳ್ತೀನಿ. ಗೋಡೆ ಏಳೋವಾಗ ಒಂದು ಇಟ್ಟಿಗೆ ನಾನು ಬರಲ್ಲ ಅಂದರೆ ಗೋಡೆ ಬೀಳತ್ತೆ. ಆದರೆ ಅಚ್ಚಾಗೋ ಮಾತು ಗಾಳಿಗೆ ಕೂಗಿದ ಮಾತಿನಂತಲ್ಲ. ನಿನಗೆ ಮಗಳಿದ್ದಾಳಂತೆ, ಓದೋ ವಯಸ್ಸಂತೆ. ಹೇಳು, ನಿನ್ನ ಹೆಸರು ತೆಗೆಯಲಾ?

ಅಳಿಯ ಹೇಗಿದ್ದಾನೆ ಅಂತ ಕೇಳೋ ಧೈರ್ಯ ಇಲ್ಲ. ಕೇಳಿದೆ ಅಂತ ಅಂದುಕೋ.

ಉತ್ತರಕ್ಕೆ ಕಾಯೋ,
ಅಮ್ಮ

ಮಾರ್ಚ್ ೨೯

ಅಮ್ಮಾ,

ಆ ಪದ ಹೊಡೆದುಹಾಕಿಲ್ಲ. ಎಷ್ಟು ದಿನ ನಿಲ್ಲತ್ತೆ ನೋಡೋಣ ಅಂತ ಬಿಟ್ಟಿದ್ದೀನಿ.

ಹೆಸರು ತೆಗೀತೀಯಾ? ಉಳಿದ ಆರು ಜನರ ಅಮ್ಮಂದಿರು ಸಂಘದ ಅಧ್ಯಕ್ಷರಾಗಿರಲಿಲ್ಲ ಅಂತ ಅವರ ಹೆಸರು ಇರಲಿ, ನಾನು ನಿನ್ನ ಹೊಟ್ಟೇಲಿ ಹುಟ್ಟಿದೆ ಅಂತ ನನ್ನದು ಹೋಗಲಿ, ಹಾಗಾ? ಇಂಥದ್ದನ್ನೇ ಅಲ್ವಾ ನೀನು ಜೀವಮಾನವಿಡೀ ಬೈದದ್ದು? ವಯಸ್ಸಾದ ಮೇಲೆ ಮಾಲೀಕನ ಬುದ್ಧಿ ಬಂತಾ ನಿನಗೆ? ತೆಗೆಯಬೇಡ. ದಪ್ಪ ಅಕ್ಷರದಲ್ಲಿ ಹಾಕಿಸು.

ಆದರೆ ಪಕ್ಕದಲ್ಲೇ ನನ್ನ ಚೀಟಿಯನ್ನೂ ಅಚ್ಚು ಹಾಕಿಸು. ಮುಷ್ಕರದ ಇಪ್ಪತ್ತೆರಡನೇ ದಿನ ನಿನ್ನ ಕೈಗೆ ಕೊಟ್ಟ ಚೀಟಿ. ಮರೆತಿದ್ದರೆ ನೆನಪಿಸ್ತೀನಿ, ನನಗೆ ಅಕ್ಷರಕ್ಷರ ಬಾಯಿಪಾಠ: "ಮುಷ್ಕರ ಸಮಿತಿಯ ಐವರಿಗೆ. ನನ್ನ ಗಂಡ ಸುಟ್ಟಗಾಯದ ವಾರ್ಡಿನಲ್ಲಿ ಒಂಬತ್ತು ದಿನದಿಂದ ಬೋರಲು ಮಲಗಿದ್ದಾನೆ. ಅಲ್ಲಿ ಇನ್ನೂ ಹನ್ನೊಂದು ಜನ ಇದ್ದಾರೆ. ನಾಲ್ಕು ದಿನಕ್ಕೊಂದು ಹಾಸು ಹಾಕ್ತಿದ್ದಾರೆ. ಆ ಒಂದು ವಾರ್ಡಿನ ಬಟ್ಟೆ ಮಾತ್ರ ಒಗೆಯೋಕೆ ಅನುಮತಿ ಕೊಡಿ. ಬಾಗಿಲಿಗೆ ಸಂಘದ ಬಾವುಟ ಕಟ್ಟಿ ಸಂಘದ ಹೆಸರಲ್ಲೇ ಒಗೀತೀನಿ. ಸಂಬಳ ಮುಟ್ಟಲ್ಲ."

ಆವತ್ತು ಸಂಜೆ ಸಭೆ ಮುಗಿಸಿ ನನ್ನ ಮನೆಗೆ ಬಂದವಳು ಚಪ್ಪಲಿ ಬಿಡೋ ಮೊದಲೇ ಅಂದೆ, "ಆಗಲ್ಲ." ಅಷ್ಟೇ. ಮಾರನೇ ದಿನ ನಾನು ಅನುಮತಿ ಇಲ್ಲದೆ ಒಳಗೆ ಹೋದೆ.

ಐದು ಜನ ಕೂತು ಏನು ಕಾರಣ ಕೊಟ್ಟು ಬೇಡ ಅಂದಿರಿ? ಹದಿನಾಲ್ಕು ವರ್ಷ ಇದೊಂದನ್ನೇ ಜಗಿದಿದ್ದೀನಿ. ಬೆರಳು ಕಳಕೊಂಡ ಚಿಕ್ಕಮ್ಮ, ಅವಳೂ ಬೇಡ ಅಂದಳಾ? ಅವಳಿಗೆ ವಿಳಾಸ ಕೊಟ್ಟಿದ್ದು ಮನೇಲಿ ಯಾರಾದರೂ ಸತ್ತರೆ ತಿಳಿಸಲಿ ಅಂತ. ಮಗಳು ಹುಟ್ಟಿದ ಸುದ್ದಿ ಬಿಟ್ಟು ಬೇರೆ ಒಂದು ಸಾಲೂ ಅವಳಿಗೆ ಬರೆದಿಲ್ಲ, ಬರೆಯೋಕೆ ಕೈ ಬರಲಿಲ್ಲ. ನನ್ನ ಬಟ್ಟೆಗೆಲ್ಲ ತೇಪೆ ಹಾಕಿಕೊಟ್ಟ ಹೊಲಿಗೆಯಕ್ಕ ಬೇಡ ಅಂದಳಾ? ನನ್ನ ಮದುವೆ ದಿನ ಲಾರಿ ತೊಳೆದು ತಂದ ಡ್ರೈವರ್ ಮಾವ? ಸಾಬೂನು ವಿಭಾಗದ ತಾತ? ನಡಾವಳಿ ಪುಸ್ತಕದಲ್ಲಿ ಇರಲೇಬೇಕು. ಯಾರಾದರೂ ಕೆಮ್ಮಿದರೆ ಅದನ್ನೂ ಬರೆಸೋಳು ನೀನು.

ಅದನ್ನ ಅಚ್ಚು ಹಾಕಿಸು. ಹೆಸರಿಗೆ ನನ್ನ ಅಡ್ಡಿಯಿಲ್ಲ.

ಪಟ್ಟಿಯಲ್ಲಿ ಮೂರನೆಯವಳು

ಏಪ್ರಿಲ್ ೪

ಮಗಳೇ,

ಹಳೇ ಪುಸ್ತಕಗಳಿಗೆ ಗೆದ್ದಲು ಹಿಡಿದಿದೆ. ಆ ದಿನದ ಪುಟ ಸಿಗಲಿಲ್ಲ. ಸಮಿತಿ ಅಂದ ಮೇಲೆ ಯಾರು ಏನಂದರು ಅಂತ ಹೊರಗೆ ಹೇಳೋ ಪದ್ಧತಿಯೂ ಇಲ್ಲ, ಅದು ನಿನಗೂ ಗೊತ್ತು.

ಮಾಲೀಕನ್ನ ಮರೀಬೇಡ. ಪಕ್ಕದ ಊರಿಂದ ಹಾಸು ತರಿಸೋ ತಾಕತ್ತು ಅವನಿಗಿತ್ತು. ತರಿಸಲಿಲ್ಲ. ರೋಗಿಗಳನ್ನ ಗುರಾಣಿ ಮಾಡಿ ನಮ್ಮ ಎದುರಿಗೆ ಹಿಡಿದ. ಅವನ ಪಾಪ ತಂದು ನನ್ನ ತಲೆಗೆ ಕಟ್ಟಬೇಡ.

ಇಲ್ಲಿ ಬಿಸಿಲು ಜಾಸ್ತಿ. ನನಗೆ ಮಂಡಿ ನೋವು.

ಅಮ್ಮ

ಏಪ್ರಿಲ್ ೨೧

ಅಮ್ಮಾ,

ನಿನ್ನ ಮಂಡಿ ಯಾವಾಗ ನೋಯತ್ತೆ ಅಂತ ನನಗೆ ಗೊತ್ತು. ಅಪ್ಪ ಬದುಕಿದ್ದಾಗ ಅವರಿಂದ ಏನಾದರೂ ಮುಚ್ಚಿಡಬೇಕಾದಾಗಲೆಲ್ಲ ನೋಯ್ತಿತ್ತು.

ಮಾಲೀಕನ ಪಾಠ ನನಗೆ ಹೇಳಬೇಡ. ನಾನೂ ನಿನ್ನ ಶಾಲೇಲೇ ಕಲಿತವಳು, ಹಾಲಿನ ಜೊತೆ ಘೋಷಣೆ ಕುಡಿದವಳು. ರೋಗಿಗಳನ್ನ ಗುರಾಣಿಯಾಗಿ ಹಿಡಿದವನು ಅವನೇ, ಒಪ್ಪಿದೆ. ಆದರೆ ಆ ಗುರಾಣಿಗೆ ಒಂದು ಬೆನ್ನಿತ್ತು.

ಬೇಕರಿಯಲ್ಲಿ ಕಾದ ಎಣ್ಣೆಯ ತಟ್ಟೆ ಮೇಲಿನ ಹಲಗೆಯಿಂದ ಜಾರಿದಾಗ ಇವನು ಕೆಳಗೆ ಬಗ್ಗಿ ಒಲೆಗೆ ಟ್ರೇ ತಳ್ತಿದ್ದ. ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಹೇಳ್ತೀನಿ. ನಾಲ್ಕು ದಿನಕ್ಕೊಮ್ಮೆ ಬದಲಿಸೋ ಹೊತ್ತಿಗೆ ಅವನು ಹೊದ್ದ ಹಾಸು ಗಾಯಕ್ಕೆ ಅಂಟಿಕೊಂಡಿರ್ತಿತ್ತು. ಬೋರಲು ಮಲಗಿದವನ ಮೇಲೆ ನರ್ಸಮ್ಮ ಮಗ್ಗಿನಿಂದ ಉಪ್ಪುನೀರು ಬಿಟ್ಟು ಬಿಟ್ಟು, ಬೆರಳಗಲ ಬೆರಳಗಲ ಬಿಡಿಸೋಳು. ಒಂದೂವರೆ ಗಂಟೆ. ಹಾಸಿನ ಜೊತೆ ಏನೇನು ಬರ್ತಿತ್ತು ಅಂತ ಬರೆಯಲ್ಲ. ಇವನ ಕೋಡಂಗಿತನ ಗೊತ್ತಲ್ಲ, ಒಂಬತ್ತನೇ ದಿನ "ನಿಧಾನ ಸಿಸ್ಟರ್, ಹಿಟ್ಟು ಇನ್ನೂ ಹಸಿ" ಅಂದ. ಅವಳು ನಕ್ಕಳು. ಆಮೇಲೆ ಅವನು ದಿಂಬಿಗೆ ಬಾಯಿ ಕೊಟ್ಟ. ಆವತ್ತೇ ನಾನು ಚೀಟಿ ಬರೆದದ್ದು.

ಮೂರು ದಿನ ಒಗೆದೆ. ಒಬ್ಬಳೇ, ಒಳಗೆ ಹೋದ ಉಳಿದ ಆರು ಜನರ ಜೊತೆ ಸೇರದೆ. ಅಷ್ಟುದ್ದದ ಹಾಸು ಮಡಿಸೋಕೆ ನಾಲ್ಕು ಕೈ ಬೇಕು. ಎದುರು ತುದಿ ಹಿಡೀತಿದ್ದವಳು ನೀನು, ನೀನು ಗೇಟಿನ ಹೊರಗೆ. ಎರಡು ಮೂಲೆ ಕಿಟಕಿ ಸರಳಿಗೆ ಕಟ್ಟಿ ಮಡಿಸಿದೆ.

ಮೂರನೇ ದಿನ ಬೆಳಿಗ್ಗೆ ಗಂಟು ಹೊತ್ತು ಹೊರಗೆ ಬಂದೆ. ನೀನು ಡ್ರಮ್ಮಿನ ಮೇಲೆ ನಿಂತಿದ್ದೆ. ನಿನಗೆ ಮೈಕ್ ಯಾಕೆ, ಸುಮ್ಮನೆ ಸೈರನ್ ಅಂತ ಹೆಸರಿಟ್ಟರಾ ಜನ? ಮೊದಲನೇ ಹೆಸರು ಓದಿದೆ. ಜನ ಕೂಗಿದರು, "ನಮ್ಮವರಲ್ಲ!" ಎರಡನೇದು. "ನಮ್ಮವರಲ್ಲ!" ಮೂರನೇದು ನನ್ನದು.

ಜನ ಕೂಗಲಿಲ್ಲ, ಅಮ್ಮಾ. ಇನ್ನೂರು ಜನ ನಿನ್ನ ಮುಖ ನೋಡಿದರು. ಇವಳು ಬೇಡ ಅಂದರೆ ಬಿಡೋಣ ಅಂತಲೇ ನೋಡಿದರು. ಆಗ ನೀನೇ ಕೂಗಿದೆ. ಎಲ್ಲರಿಗಿಂತ ಮೊದಲು, ಒಬ್ಬಳೇ. "ನಮ್ಮವರಲ್ಲ!" ಆಮೇಲೆ ಅವರು.

ಮುಷ್ಕರ ಗೆದ್ದಿರಿ. ಬೀದೀಲಿ ಸಿಹಿ ಹಂಚಿದಿರಿ. ನಮ್ಮ ಮನೆ ಬಾಗಿಲು ದಾಟಿಕೊಂಡು ಪಕ್ಕದ ಮನೆಗೆ ಕೊಟ್ಟರು. ಇವನು ಎದ್ದು ನಡೆಯೋ ಹಾಗಾದ ದಿನವೇ ನಾವು ಊರು ಬಿಟ್ಟೆವು.

ನಿನ್ನನ್ನ ಕೇಳ್ತಿರೋದು ಇಷ್ಟೇ. ಉಳಿದ ನಾಲ್ವರು ಏನಂದರು? ಒಬ್ಬೊಬ್ಬರದು ಒಂದೊಂದು ಸಾಲು ಬರಿ. ಸಾಕು.

ನಿನ್ನ ಪಟ್ಟಿಯವಳು

ಜೂನ್ ೧೧

ಮಗಳೇ,

ಏಳು ವಾರ ತಗೊಂಡೆ. ಮಂಡಿ ನೋವಿರಲಿಲ್ಲ.

ಉಳಿದ ನಾಲ್ವರು ಏನೂ ಅನ್ನಲಿಲ್ಲ. ನಿನ್ನ ಚೀಟಿ ಸಭೆಗೆ ಬರಲೇ ಇಲ್ಲ. ನಾನು ತರಲಿಲ್ಲ. ಐದು ಜನರಲ್ಲಿ ಅದನ್ನ ಓದಿದವಳು ನಾನೊಬ್ಬಳೇ.

ಸಭೆ ಪೂರ್ತಿ ಅದು ನನ್ನ ಏಪ್ರನ್ ಜೇಬಿನಲ್ಲಿತ್ತು. ಬೆವರಿಗೆ ಒದ್ದೆಯಾಗಿತ್ತು. ಕೊನೆಗೆ "ಇನ್ನೇನಾದರೂ ವಿಷಯ ಇದೆಯಾ?" ಅಂತ ಕೇಳೋದು ಅಧ್ಯಕ್ಷೆಯ ಕೆಲಸ. ಕೇಳಿದೆ. ನಾಲ್ವರೂ ಇಲ್ಲ ಅಂದರು. ನಾನು ಬರೆಸಿದೆ. ಆ ಪುಟಕ್ಕೆ ಗೆದ್ದಲು ಹಿಡಿದಿಲ್ಲ. ಈಗ ನನ್ನ ಮುಂದೆಯೇ ಇದೆ. "ಇತರ ವಿಷಯ: ಇಲ್ಲ." ಕೆಳಗೆ ನನ್ನ ರುಜು.

ಯಾಕೆ ಅಂತ ಕೇಳ್ತೀಯ. ಅವರು ಬೇಡ ಅಂತಾರೆ ಅಂತ ಹೆದರಲಿಲ್ಲ. ಹೂಂ ಅಂತಾರೆ ಅಂತ ಹೆದರಿದೆ. ಅಧ್ಯಕ್ಷೆಯ ಮಗಳ ಚೀಟಿಗೆ ಇಲ್ಲ ಅನ್ನೋ ಬಾಯಿ ಆ ಕೋಣೇಲಿ ಯಾರಿಗಿತ್ತು? ನಾಳೆ ಮಾಲೀಕನ ಕಡೆಯವರು ಗೇಟಿನ ಮುಂದೆ ನಿಂತು "ನಿಮ್ಮ ಮಕ್ಕಳಿಗೆ ಉಪವಾಸ, ಅವಳ ಮಗಳಿಗೆ ಬೇರೆ ಕಾನೂನು" ಅಂತ ಕೂಗಿದರೆ? ನನ್ನ ಕೈ ಶುದ್ಧ ಇರಬೇಕು ಅಂತ ಹಟ. ಶುದ್ಧವಾಗೇ ಉಳೀತು. ನನ್ನ ಅಳಿಯನ ಹಾಸು ಕೊಳೀತಿತ್ತು, ನನ್ನ ಕೈ ಶುದ್ಧವಾಗಿತ್ತು. ಥೂ.

ಮೂರು ದಿನ ಕಳೆದ ಮೇಲೆ ಡ್ರಮ್ಮು ಹತ್ತಿದಾಗ ನಿನ್ನ ಹೆಸರು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ಬಿಟ್ಟರೆ ಯಾಕೆ ಅಂತ ಕೇಳ್ತಾರೆ, ಚೀಟಿಯ ವಿಷಯ ಬರತ್ತೆ. ಜನ ಸುಮ್ಮನಾದರಲ್ಲ, ಒಂದು ಉಸಿರಿನಷ್ಟು ಹೊತ್ತು, ಅದನ್ನ ನೀನೊಬ್ಬಳೇ ಕೇಳಿಸಿಕೊಂಡೆ ಅಂದುಕೊಂಡಿದ್ದೀಯಾ? ಅವರು ಬಾಗಿಲು ತೆರೆದು ನಿಂತಿದ್ದರು. ನಾನೇ ಎಳೆದು ಮುಚ್ಚಿದೆ. ಮನೇಲಿ ಆಡಬೇಕಾದ ಮಾತಿಗೆ ಬೀದೀಲಿ ಘೋಷಣೆ ಕೂಗಿದೆ.

ಜೂನ್ ಮೂವತ್ತಕ್ಕೆ ಸರ್ವಸದಸ್ಯರ ಸಭೆ ಇದೆ, ಪುಸ್ತಕ ಅಚ್ಚಿಗೆ ಹೋಗೋ ಮೊದಲು. ಅಲ್ಲಿ ಎದ್ದು ಹೇಳ್ತೀನಿ. ಕಾರ್ಯದರ್ಶಿಗೆ ತಿಳಿಸಿದೆ. "ಅಕ್ಕಾ, ಮಡಿಸೋ ವಿಭಾಗವನ್ನ ಗುತ್ತಿಗೆಗೆ ಕೊಡೋಕೆ ಕಂಪನಿ ಹೊಂಚು ಹಾಕ್ತಿದೆ. ಈಗ ನೀವೇ ಅವರ ಕೈಗೆ ದೊಣ್ಣೆ ಕೊಡ್ತೀರಾ? ಮುಂದಿನ ತಿಂಗಳು ಹೇಳಿ" ಅಂದಳು. ಅವಳದ್ದು ತಪ್ಪಲ್ಲ. ಆದರೆ ಮುಂದಿನ ತಿಂಗಳು ಮುಂದಿನ ತಿಂಗಳು ಅಂತಲೇ ಹದಿನಾಲ್ಕು ವರ್ಷ ದೂಡಿದ್ದೀನಿ.

ನಿನ್ನ ಅಪ್ಪಣೆ ಕೇಳ್ತಿಲ್ಲ. ತಿಳಿಸ್ತಿದ್ದೀನಿ.

ಚೀಟಿ ಮುಚ್ಚಿಟ್ಟವಳು,
ಅಮ್ಮ

ಜೂನ್ ೧೭

ಹೇಳು. ಮಗಳಿಗೋಸ್ಕರ ಹೇಳ್ತಿದ್ದೀನಿ ಅಂತ ಮಾತ್ರ ಹೇಳಬೇಡ.

ಜುಲೈ ೬

ಮಗಳೇ,

ಹೇಳಿದೆ. ನಿನ್ನ ಮಾತಿನಂತೆ ನಿನಗೋಸ್ಕರ ಅನ್ನಲಿಲ್ಲ.

ಸಂಘದ ತಗಡಿನ ಶೆಡ್ಡು, ಎರಡು ಫ್ಯಾನು, ನೂರಿಪ್ಪತ್ತು ಜನ. ಚೀಟಿ ಓದಿದೆ. ಆಮೇಲೆ ನಡಾವಳಿ ಓದಿದೆ. ಎರಡನ್ನೂ ಮೇಜಿನ ಮೇಲೆ ಎಲ್ಲರಿಗೂ ಕಾಣೋ ಹಾಗೆ ಇಟ್ಟೆ.

ಡ್ರೈವರ್ ಕೋಲೂರಿಕೊಂಡು ಬಂದಿದ್ದ. ಕೂತಲ್ಲಿಂದಲೇ ಕೂಗಿದ, "ಏನಮ್ಮಾ ಇದು! ನಾನು ಹೂಂ ಅಂತಿದ್ದೆನಲ್ಲ. ಆ ವಾರ್ಡಿನ ಗಂಟು ನನ್ನ ಲಾರೀಲೇ ಸಾಗಿಸ್ತಿದ್ದೆ. ಆ ಮಗು ಬೀದೀಲಿ ಎದುರಿಗೆ ಬಂದಾಗ ಮುಖ ತಿರುಗಿಸಿದೆ ನಾನು. ಯಾರಿಗೆ ಹೇಳಲಿ ಇದನ್ನ?" ಹೊಲಿಗೆಯಕ್ಕ "ನಾನೂ ಒಗೆಯೋಕೆ ಹೋಗ್ತಿದ್ದೆ" ಅಂತ ಮಾತ್ರ ಅಂದಳು, ಎರಡು ಸಲ ಅಂದಳು. ಸಾಬೂನು ತಾತ ತೀರಿಕೊಂಡು ಆರು ವರ್ಷ. ಅವನ ಪರವಾಗಿ ಯಾರು ಹೇಳ್ತಾರೆ?

ನಿನ್ನ ಚಿಕ್ಕಮ್ಮ ಎದ್ದು ಕೈ ಎತ್ತಿದಳು. ಎರಡು ಬೆರಳಿನ ಕೈ. "ಯಾರ ಬೆರಳಿಗಾಗಿ ಮುಷ್ಕರ ಮಾಡಿದಿರೋ ಆ ಕೈ ಇದು. ಎಲ್ಲರಿಗಿಂತ ಮೊದಲು ಇದು ಏಳ್ತಿತ್ತು" ಅಂದಳು. ನನ್ನ ಕಡೆ ನೋಡದೆ ಹೊರಗೆ ಹೋದಳು. ಮನೇಲಿ ಈಗ ಎರಡು ಒಲೆ.

ಹಿಂದಿನ ಸಾಲಲ್ಲಿ ಹೊಸಬಳೊಬ್ಬಳು ಕೇಳಿದಳು, "ಅನುಮತಿ ಕೊಟ್ಟಿದ್ದರೆ ಮುಷ್ಕರ ಸೋಲ್ತಿತ್ತಾ ಅಕ್ಕಾ?" ನಾನಂದೆ, "ಇಲ್ಲ ಕಣೇ. ಬಾವುಟದ ಕೆಳಗೆ ಹನ್ನೆರಡು ಹಾಸಿಗೆಗೆ ಬಟ್ಟೆ ಒಗೆದ ಸಂಘ ಅಂತ ಊರೇ ನಮ್ಮ ಹಿಂದೆ ಬರ್ತಿತ್ತು. ಎಪ್ಪತ್ತೊಂದು ದಿನ ಬೇಕಾಗ್ತಿರಲಿಲ್ಲ." ಇದು ಬಾಯಿಂದ ಬಿದ್ದ ಮೇಲೆ ನನಗೇ ಹೊಳೆದದ್ದು. ನಿನ್ನ ಚೀಟಿಯಲ್ಲಿ ನನಗಿಂತ ದೊಡ್ಡ ಹೋರಾಟಗಾರ್ತಿ ಇದ್ದಳು. ಅವಳನ್ನ ಜೇಬಿನಲ್ಲಿಟ್ಟುಕೊಂಡು ನಾನು ಭಾಷಣ ಮಾಡ್ತಿದ್ದೆ.

ಪುಸ್ತಕದಲ್ಲಿ ಆರು ಹೆಸರು ಬರತ್ತೆ. ನಿನ್ನದು ತೆಗೆದದ್ದು ನಾನಲ್ಲ, ಸಭೆ ಕೈ ಎತ್ತಿ ತೆಗೀತು. ಎದುರಿನ ಪುಟದಲ್ಲಿ ಚೀಟಿ, ಅದರ ಕೆಳಗೆ "ಇತರ ವಿಷಯ: ಇಲ್ಲ." ಅಧ್ಯಕ್ಷತೆ ಬಿಟ್ಟೆ. ಮಾರನೇ ದಿನವೇ ಕಂಪನಿಯವರು ನೋಟಿಸ್ ಬೋರ್ಡಿಗೆ ಅಂಟಿಸಿದ್ದರು, "ನಿಮ್ಮ ನಾಯಕಿಯ ನಿಜಬಣ್ಣ" ಅಂತ. ಕಾರ್ಯದರ್ಶಿ ಹರಿದು ಹಾಕಿದಳಂತೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಇವೆಲ್ಲ ಆಗಬೇಕಾದ್ದೇ. ಒಂದು ಕೇಳ್ತೀನಿ. ಬರ್ಲಾ? ಒಂದು ದಿನಕ್ಕೆ. ಒಳಗೆ ಕರೀದಿದ್ದರೂ ಸರಿ, ಬಾಗಿಲಲ್ಲಿ ನಿಂತು ಬರ್ತೀನಿ.

ಅಮ್ಮ

ಆಗಸ್ಟ್ ೩೦

ಅಮ್ಮಾ,

ನೀನು ಏನು ಮಾಡಿದೆ ಅಂತ ಗೊತ್ತಾ ನಿನಗೆ? ಇಷ್ಟು ವರ್ಷ ನನ್ನ ಸಿಟ್ಟನ್ನ ಐದು ಪಾಲು ಮಾಡಿ ಇಟ್ಟಿದ್ದೆ. ಒಂದು ದಿನ ಡ್ರೈವರ್ ಮಾವನನ್ನ ಬೈಯೋದು, ಒಂದು ದಿನ ಹೊಲಿಗೆಯಕ್ಕನನ್ನ. ನಿನ್ನ ಪಾಲು ಐದರಲ್ಲಿ ಒಂದು. ಅಷ್ಟನ್ನ ಹೊರಬಹುದಿತ್ತು. ಎಷ್ಟೋ ದಿನ ಅದನ್ನೂ ಇಳಿಸಿಬಿಡ್ತಿದ್ದೆ. ಪಾಪ, ಇವಳೊಬ್ಬಳೇ ನನ್ನ ಪರ ಕೈ ಎತ್ತಿರಬೇಕು, ನಾಲ್ಕು ಜನ ಸೇರಿ ಸೋಲಿಸಿರಬೇಕು,  ಅದಕ್ಕೇ ಆವತ್ತು ಮನೆಗೆ ಬಂದವಳು ಆಗಲ್ಲ ಅನ್ನೋ ಒಂದೇ ಪದ ಆಡಿದಳು ಅಂತ. ಹೌದು, ಹಾಗಂತ ಅಂದುಕೊಳ್ತಿದ್ದೆ. ನನ್ನ ಮಗಳಿಗೂ ಹಾಗೇ ಹೇಳಿ ಬೆಳೆಸಿದ್ದೆ. ಹೋದ ತಿಂಗಳು ಅವಳನ್ನ ಕೂರಿಸಿಕೊಂಡು ಅದು ಹಾಗಲ್ಲ ಕಣೇ ಅಂತ ಹೇಳಬೇಕಾಯ್ತು. ಐದು ಪಾಲೂ ಈಗ ನಿನ್ನ ಮೇಲೆ ಬಿದ್ದಿದೆ. ಹೊರೋದಕ್ಕೆ ಆಗ್ತಿಲ್ಲ.

ಚಿಕ್ಕಮ್ಮನಿಗೆ, ಡ್ರೈವರ್ ಮಾವನಿಗೆ, ಹೊಲಿಗೆಯಕ್ಕನಿಗೆ ಬರೆದೆ. ಮನಸ್ಸಲ್ಲಿ ಬೈದದ್ದಕ್ಕೆಲ್ಲ ತಪ್ಪಾಯ್ತು ಅಂದೆ. ಚಿಕ್ಕಮ್ಮ ಮೂರು ಪುಟ ಉತ್ತರ ಬರೆದಿದ್ದಾಳೆ. ಎರಡು ಬೆರಳಲ್ಲಿ ಮೂರು ಪುಟ. ತಾತನಿಗೆ ಎಲ್ಲಿಗೆ ಬರೀಲಿ?

ಸಭೇಲಿ ಹೇಳಿದ್ದು ಸಣ್ಣ ಮಾತಲ್ಲ. ಅಷ್ಟು ಗೊತ್ತು ನನಗೆ. ಆದರೂ ಬರ್ಬೇಡ. ನಾನೂ ಬರಲ್ಲ. ನಿನ್ನ ಮುಖ ನೋಡಿದರೆ ಅಳ್ತೀನೋ ಹೊಡೀತೀನೋ ಗೊತ್ತಿಲ್ಲ.

ಇವನು ಬರ್ತಾನಂತೆ. ನಿನ್ನ ಪತ್ರ ಓದಿದಾಗಿನಿಂದ "ಅತ್ತೆ ಒಬ್ಬರೇ ಇದ್ದಾರೆ" ಅಂತ ಕುಣೀತಿದ್ದಾನೆ. ಇವನಿಗೆ ನಿನ್ನ ಮೇಲೆ ಸಿಟ್ಟೇ ಬರಲ್ಲ, ಅವನ ಪಾಲಿನದ್ದನ್ನೂ ನಾನೇ ಮಾಡಬೇಕು. ಬರೋ ಭಾನುವಾರ ಹತ್ತು ಗಂಟೆ ಬಸ್ಸಿಗೆ ಇಳೀತಾನೆ. ಚೀಲದ ತುಂಬ ಬ್ರೆಡ್ಡು ತರ್ತಾನೆ, ಬೇಡ ಅಂದರೂ ಕೇಳಲ್ಲ.

ಕ್ಷಮೆ ಕೇಳಿ ಅವನನ್ನ ಮುಜುಗರ ಪಡಿಸಬೇಡ. ಭಾಷಣ ಮಾಡಬೇಡ. ಏನೂ ಆಗಿರಲಿಲ್ಲ ಅತ್ತೆ ಅಂತಾನೆ, ನಗಿಸ್ತಾನೆ. ನಂಬಬೇಡ. ಅಂಗಿ ಬಿಚ್ಚು ಅನ್ನು. ನಾಚಿಕೊಳ್ತಾನೆ, ಬಿಡಬೇಡ. ಕಿಟಕಿ ಹತ್ತಿರ ಬೆಳಕಿಗೆ ನಿಲ್ಲಿಸಿ ಕುತ್ತಿಗೆಯಿಂದ ಸೊಂಟದ ತನಕ ನೋಡು. ನೀನು ಒಂದು ಸಲವೂ ನೋಡಿಲ್ಲ.

ನೋಡಿ ಆದಮೇಲೆ ನನಗೆ ಬರೆಯೋದು ಏನಾದರೂ ಉಳಿದಿದ್ದರೆ ಬರಿ. ಓದ್ತೀನಿ.

ಅವನ ಹೆಂಡತಿ